ಶಾಖದ ಜಮಾಖರ್ಚು

ಮಲೆನಾಡಿನ ಹಳೆಯ ಅಡಿಗೆಮನೆಗಳನ್ನು ಕಂಡವರಿಗೆ ಕೋಡೊಲೆಯ ಪರಿಚಯ ಇದ್ದೇ ಇರುತ್ತದೆ. ದೊಡ್ಡ ಒಲೆಯ ಮೇಲೆ ಅನ್ನದ ಪಾತ್ರೆ. ಅದರ ತಳವನ್ನು ಸವರಿಕೊಂಡು ಹೊರಟ ಉರಿ ವ್ಯರ್ಥವಾಗಬಾರದೆಂದು ಪಕ್ಕದಲ್ಲೊಂದು ಕೋಡು. ಆ ಕೋಡಿನ ಮೇಲೆ ಸಾರಿನದೋ ಹಾಲಿನದೋ ಇನ್ನೊಂದು ಪಾತ್ರೆ. ಸೌದೆ ಒಂದೇ, ಕೆಲಸ ಎರಡು. ಈ ವಿದ್ಯೆಯನ್ನು ಯಾವ ಕಾಲೇಜೂ ಕಲಿಸಿಕೊಡಲಿಲ್ಲ. ಸೌದೆಯನ್ನು ತಲೆಯ ಮೇಲೆ ಹೊತ್ತು ತರುವವರಿಗೆ ಅದರ ಭಾರ ಗೊತ್ತಿದ್ದುದರಿಂದ ಅದು ತಾನಾಗಿಯೇ ಹುಟ್ಟಿತು.

ಇದೇ ಕೋಡೊಲೆಯ ಬುದ್ಧಿ ಜಗತ್ತಿನ ದೊಡ್ಡ ದೊಡ್ಡ ಎಣ್ಣೆ ಕಾರಖಾನೆಗಳಿಗೆ ಹೇಗೆ ಬಂದಿತು, ನಡುವೆ ಹೇಗೆ ಮರೆತುಹೋಯಿತು, ಮತ್ತೆ ಹೇಗೆ ನೆನಪಾಯಿತು ಎಂಬ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ರಾಜ್ಯೋತ್ಸವದ ಸಂಚಿಕೆಯಲ್ಲಿ ಕಲ್ಲೆಣ್ಣೆಯ ಪುರಾಣವೇಕೆಂದು ವಾಚಕರು ಹುಬ್ಬೇರಿಸಬಹುದು. ನಮ್ಮ ದೇಶ ತನಗೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲನ್ನು ಹೊರಗಿನಿಂದ ಹಣ ಕೊಟ್ಟು ತರಿಸಿಕೊಳ್ಳುತ್ತಿದೆ. ಹಾಗೆ ತಂದುದರಲ್ಲಿಯೂ ನೂರಕ್ಕೆ ಸುಮಾರು ಐದರಿಂದ ಹತ್ತು ಪಾಲು ಶುದ್ಧೀಕರಣದ ಕಾರಖಾನೆಯೊಳಗೇ ಉರಿದು ಮುಗಿಯುತ್ತದೆ. ಅಕ್ಕಿಯನ್ನು ಬೇಯಿಸಲು ಅಕ್ಕಿಯನ್ನೇ ಉರಿಸಿದಂತೆ! ನಾವು ರಸಾಯನ ಶಾಸ್ತ್ರಜ್ಞರಲ್ಲ. ಬ್ಯಾಂಕಿನಲ್ಲಿ ಕುಳಿತು ಲೆಡ್ಜರಿನ ತಾಳೆ ನೋಡುವವರು. ಆದರೆ ಈ ಕಥೆಯನ್ನು ಓದುತ್ತ ಹೋದಂತೆ ಇದು ನಮ್ಮದೇ ಕಸುಬಿನ ಕಥೆಯೆಂದು ತೋರಿತು. ಮೊದಲಿನಿಂದ ಕೊನೆಯವರೆಗೂ ಇದು ಜಮಾಖರ್ಚಿನ ಕಥೆ.

ಈ ಲೆಕ್ಕಕ್ಕೆ ಮೊದಲ ಪುಟ ಬರೆದವರು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. 1760ರ ದಶಕದಲ್ಲಿ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತಿದ್ದ ಈ ಪಂಡಿತರು ಒಂದು ವಿಚಿತ್ರವನ್ನು ಎತ್ತಿ ತೋರಿಸಿದರು. ನೀರು ಕುದಿಯಲು ಮೊದಲಾದ ಮೇಲೆ ಎಷ್ಟು ಉರಿ ಹಾಕಿದರೂ ಅದರ ಬಿಸಿ ಏರುವುದಿಲ್ಲ. ಹಾಕಿದ ಶಾಖವೆಲ್ಲ ಹಬೆಯೊಳಗೆ ಅಡಗಿ ಕೂರುತ್ತದೆ. ಇದಕ್ಕೆ ಗುಪ್ತೋಷ್ಣವೆಂದು ಹೆಸರು. ಒಂದು ಗ್ರಾಂ ನೀರನ್ನು ಮಂಜುಗಡ್ಡೆಯ ತಣ್ಪಿನಿಂದ ಕುದಿಯುವ ಮಟ್ಟಕ್ಕೆ ತರಲು 100 ಕ್ಯಾಲೊರಿ ಸಾಕು. ಆದರೆ ಆ ಕುದಿನೀರನ್ನು ಹಬೆಯಾಗಿಸಲು ಇನ್ನೂ ಸುಮಾರು 540 ಕ್ಯಾಲೊರಿ ಬೇಕು. ಹಬೆ ಮತ್ತೆ ನೀರಾಗುವಾಗ ಈ 540ನ್ನೂ ತಪ್ಪದೆ ಹಿಂದಕ್ಕೆ ಕೊಟ್ಟುಬಿಡುತ್ತದೆ. ಹಬೆಯೆಂದರೆ ಪ್ರಾಮಾಣಿಕ ಸಾಲಗಾರ. ತೆಗೆದುಕೊಂಡುದನ್ನು ಪೂರ್ತಿ ಮರಳಿಸುತ್ತದೆ. ಇಸಿದುಕೊಳ್ಳಲು ಯಾರಾದರೂ ಕೈಯೊಡ್ಡಿ ನಿಂತಿರಬೇಕಷ್ಟೆ.

ಬಟ್ಟಿ ಇಳಿಸುವವರು ಶತಮಾನಗಳ ಕಾಲ ಹೀಗೆ ಕೈಯೊಡ್ಡಲಿಲ್ಲ. ಕೆಳಗೆ ಸೌದೆ ಉರಿಸಿ ಹಬೆ ಎಬ್ಬಿಸುವುದು, ಮೇಲೆ ತಣ್ಣೀರು ಸುರಿದು ಹಬೆಯನ್ನು ಇಳಿಸುವುದು. ಅದು ಮರಳಿಸಿದ ಶಾಖವೆಲ್ಲ ನೀರಿನೊಡನೆ ಚರಂಡಿಗೆ. ಇದನ್ನು ನಿಲ್ಲಿಸಿದವರ ಹೆಸರು ಹೇಳುವಾಗ ಪಾನನಿರೋಧದ ಪಕ್ಷಪಾತಿಗಳು ನಮ್ಮನ್ನು ಕ್ಷಮಿಸಬೇಕು. ಎಣ್ಣೆಯ ವಿದ್ಯೆಗೆ ಗುರುಸ್ಥಾನ ಹೆಂಡದ ಬಟ್ಟಿಯೇ. ಫ್ರಾನ್ಸಿನ ಸೆಲ್ಲಿಯೇ ಬ್ಲೂಮೆಂಥಾಲ್ ಎಂಬವರು 1813ರಲ್ಲಿ ಬಿಡುವಿಲ್ಲದೆ ನಡೆಯುವ ಬಟ್ಟಿಗೆ ಪೇಟೆಂಟ್ ಪಡೆದರು. ಅನಂತರ 1830ರಲ್ಲಿ ಐರ್ಲೆಂಡಿನ ಏನಿಯಾಸ್ ಕಾಫಿಯವರು ಬಂದರು. ಹೆಸರು ಕಾಫಿಯಾದರೂ ಅವರ ವ್ಯವಹಾರವೆಲ್ಲ ಹೆಂಡದೊಡನೆ. ಅವರು ಅಬಕಾರಿ ಇಲಾಖೆಯ ಅಧಿಕಾರಿಗಳಾಗಿದ್ದು ಕಳ್ಳಬಟ್ಟಿಯವರನ್ನು ಹಿಡಿಯಹೋಗಿ ಪೆಟ್ಟನ್ನೂ ತಿಂದಿದ್ದವರು. ಇಲಾಖೆಯನ್ನು ಬಿಟ್ಟ ಮೇಲೆ ತಾವೇ ಒಂದು ಬಟ್ಟಿಯನ್ನು ರೂಪಿಸಿದರು. ಅದಕ್ಕೆ ಎರಡು ಎತ್ತರದ ಕಂಬಗಳು. ತಣ್ಣನೆಯ ಹುಳಿರಸ ಒಂದು ಕಂಬದೊಳಗೆ ಹಾವಿನಂತೆ ಸುತ್ತಿಕೊಂಡ ಕೊಳವೆಯಲ್ಲಿ ಇಳಿದು ಬರುತ್ತದೆ. ಕೊಳವೆಯ ಹೊರಗೆ ಮೇಲೇರುತ್ತಿರುವ ಬಿಸಿ ಹಬೆ ತನ್ನ ಶಾಖವನ್ನು ಅದಕ್ಕೆ ಕೊಟ್ಟು ತಾನು ಇಳಿಯುತ್ತದೆ. ರಸ ಎರಡನೆಯ ಕಂಬವನ್ನು ಮುಟ್ಟುವ ಹೊತ್ತಿಗೆ ಕುದಿಯುವುದೊಂದೇ ಬಾಕಿ. ಹಬೆಯನ್ನು ತಣಿಸುವ ಕೆಲಸ, ರಸವನ್ನು ಕಾಯಿಸುವ ಕೆಲಸ, ಎರಡೂ ಒಂದೇ ಏರ್ಪಾಡಿನಲ್ಲಿ ಮುಗಿದವು. ಜಮಾ ಒಂದು ಕಡೆ, ಖರ್ಚು ಒಂದು ಕಡೆ ಬರೆದು ನೋಡುವ ಸುಂಕದ ಅಧಿಕಾರಿಗೆ ಈ ಉಪಾಯ ಹೊಳೆದುದರಲ್ಲಿ ನಮಗಂತೂ ಆಶ್ಚರ್ಯವಿಲ್ಲ.

ಇನ್ನು ಕಲ್ಲೆಣ್ಣೆಗೆ ಬರೋಣ. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಡ್ರೇಕ್ ಎಂಬವರು ಬಾವಿ ಕೊರೆದು ಎಣ್ಣೆ ತೆಗೆದರು. ಅದನ್ನು ಸೋಸುವವರಿಗೆ ಬೇಕಾದುದು ದೀಪದ ಸೀಮೆಎಣ್ಣೆ ಮಾತ್ರ. ಹಂಡೆ ತುಂಬುವುದು, ಕಾಯಿಸುವುದು, ಇಳಿಸುವುದು, ಆರಿದ ಮೇಲೆ ತೊಳೆದು ಮತ್ತೆ ತುಂಬುವುದು. ಪ್ರತಿಸಲವೂ ಹಂಡೆಯ ಶಾಖವೆಲ್ಲ ಗಾಳಿಯ ಪಾಲು. ಕಾಫಿಯವರ ಪಾಠವನ್ನು ಎಣ್ಣೆಯವರು ಮತ್ತೊಮ್ಮೆ ಮೊದಲಿನಿಂದ ಕಲಿಯಬೇಕಾಯಿತು. 1880ರ ದಶಕದಲ್ಲಿ ಬಾಕುವಿನಲ್ಲಿ ನೊಬೆಲ್ ಸೋದರರು ಹಂಡೆಗಳನ್ನು ಸಾಲಾಗಿ ನಿಲ್ಲಿಸಿ ಎಣ್ಣೆ ಒಂದರಿಂದ ಇನ್ನೊಂದಕ್ಕೆ ನಿಲ್ಲದೆ ಹರಿಯುವಂತೆ ಮಾಡಿದರು. ಬಹುಮಾನದಿಂದ ಪ್ರಖ್ಯಾತರಾದ ಆಲ್ಫ್ರೆಡ್ ನೊಬೆಲರ ಅಣ್ಣಂದಿರೇ ಇವರು. ನಮ್ಮಲ್ಲಿ ಅಸ್ಸಾಮಿನ ದಿಗ್ಬೋಯಿ ಕಾರಖಾನೆ 1901ರಲ್ಲಿ ಕೆಲಸ ಆರಂಭಿಸಿತು. ಮುಂದೆ ಎತ್ತರದ ಗೋಪುರಗಳು ಬಂದವು. ಹೊರಹೋಗುವ ಬಿಸಿ ಎಣ್ಣೆಯಿಂದ ಒಳಬರುವ ತಣ್ಣನೆಯ ಎಣ್ಣೆಯನ್ನು ಕಾಯಿಸುವ ಏರ್ಪಾಟು ಎಲ್ಲೆಡೆ ವಾಡಿಕೆಯಾಯಿತು.

ಅಷ್ಟರಲ್ಲಿ ಮೋಟಾರುಗಾಡಿ ಬಂದು ದೀಪದ ಎಣ್ಣೆಯನ್ನು ಹಿಂದಕ್ಕೆ ತಳ್ಳಿತು. ಅದರೊಡನೆ ಹೊಸದೊಂದು ಗಂಟೂ ಬಿದ್ದಿತು. ಅದನ್ನು ಬಿಡಿಸಬೇಕಾದರೆ ಸಮಾಂಗಿಗಳ ಮಾತನ್ನು ಸ್ವಲ್ಪ ಆಡಬೇಕು. ಕಲ್ಲೆಣ್ಣೆಯೆಂಬುದು ಇಂಗಾಲ, ಜಲಜನಕ ಎರಡೇ ಸೇರಿ ಆದ ನೂರಾರು ವಸ್ತುಗಳ ಬೆರಕೆ. ಇವನ್ನೇ ಹೈಡ್ರೊಕಾರ್ಬನ್ನುಗಳೆನ್ನುವುದು. ಅದೇ ಪರಮಾಣುಗಳು, ಅಷ್ಟೇ ಸಂಖ್ಯೆ. ಆದರೆ ಜೋಡಣೆ ಬೇರೆಯಾದರೆ ಗುಣವೂ ಬೇರೆ. ಒಂದೇ ಬುಟ್ಟಿಯ ಮಲ್ಲಿಗೆಯನ್ನು ನೀಳವಾಗಿ ಮಾಲೆ ಕಟ್ಟಬಹುದು, ಕವಲು ತೆಗೆದು ಜಲ್ಲಿಯನ್ನೂ ಕಟ್ಟಬಹುದು. ಹೂವಿನ ಲೆಕ್ಕ ಒಂದೇ. ಇಂಥ ವಸ್ತುಗಳಿಗೆ ಐಸೊಮರ್ ಎಂಬ ಹೆಸರನ್ನು 1830ರಲ್ಲಿ ಕೊಟ್ಟವರು ಸ್ವೀಡನ್ನಿನ ಬರ್ಜೀಲಿಯಸ್. ಕನ್ನಡದಲ್ಲಿ ನಾವು ಸಮಾಂಗಿ ಎನ್ನುತ್ತೇವೆ.

ಮೋಟಾರಿಗೂ ಈ ಮಾಲೆಗೂ ಏನು ಸಂಬಂಧ? ನೀಳ ಸರದ ಪೆಟ್ರೋಲು ಎಂಜಿನ್ನಿನಲ್ಲಿ ಅವಸರದಿಂದ ಸಿಡಿದು ಟಕಟಕ ಬಡಿತ ಹುಟ್ಟಿಸುತ್ತದೆ. ಕವಲೊಡೆದ ಸರದ್ದು ಸಾವಧಾನವಾಗಿ ಉರಿಯುತ್ತದೆ. 1926ರಲ್ಲಿ ಗ್ರಹಾಂ ಎಡ್ಗರ್ ಎಂಬವರು ಇದಕ್ಕೊಂದು ಅಳತೆಗೋಲನ್ನು ಸೂಚಿಸಿದರು. ಅದೇ ಆಕ್ಟೇನ್ ಅಂಕ. ನೀಳವಾದ ಹೆಪ್ಟೇನಿಗೆ ಸೊನ್ನೆ, ಕವಲೊಡೆದ ಐಸೊಆಕ್ಟೇನಿಗೆ ನೂರು. ಈ ಗೋಲಿನಲ್ಲಿ ನೀಳ ಪೆಂಟೇನಿಗೆ ಸುಮಾರು 62 ಅಂಕ, ಅದರ ಕವಲಿನ ತಮ್ಮನಿಗೆ 92. ನೀಳ ಹೆಕ್ಸೇನಿಗಂತೂ ಬರೀ 25. ಹಾಗಾದರೆ ನೀಳವನ್ನು ಕವಲಾಗಿಸಿದರೆ ಆಯಿತಲ್ಲ! ಇದೇ ಸಮಾಂಗೀಕರಣ. ರುಮೇನಿಯದ ನೆನಿಟ್ಸೆಸ್ಕು ಮತ್ತು ಡ್ರಾಗನ್ 1933ರಲ್ಲಿ ಅಲ್ಯುಮಿನಿಯಂ ಕ್ಲೋರೈಡಿನ ನೆರವಿನಿಂದ ಇದು ಸಾಧ್ಯವೆಂದು ತೋರಿಸಿದರು.

ಆದರೆ ಜಗತ್ತು ಆಗ ಅಡ್ಡದಾರಿ ಹಿಡಿದಾಗಿತ್ತು. 1921ರಲ್ಲಿ ಅಮೆರಿಕದ ಥಾಮಸ್ ಮಿಡ್ಜ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಚಿಟಿಕೆಯಷ್ಟು ಬೆರೆಸಿದರೆ ಬಡಿತ ನಿಲ್ಲುವುದೆಂದು ಕಂಡುಹಿಡಿದಿದ್ದರು. ಇದು ಅಗ್ಗವಾಗಿತ್ತು, ಸುಲಭವಾಗಿತ್ತು, ಜೊತೆಗೆ ವಿಷವೂ ಆಗಿತ್ತು. ಸೀಸ ಮಕ್ಕಳ ಮೆದುಳಿಗೆ ಮಾಡಿದ ಹಾನಿಯ ಖರ್ಚು ಯಾವ ಎಣ್ಣೆ ಕಂಪೆನಿಯ ಖಾತೆಯಲ್ಲೂ ಬೀಳಲಿಲ್ಲ. ಅದು ಬೀದಿಯ ಮಕ್ಕಳ ಖಾತೆಗೆ ಬಿದ್ದಿತು. ಯಾವ ಖರ್ಚನ್ನು ಯಾರ ಹೆಸರಿನಲ್ಲಿ ಬರೆಯುತ್ತಾರೆಂಬುದು ಲೆಕ್ಕ ಬರೆಯುವವನ ಧರ್ಮಕ್ಕೆ ಸೇರಿದ ವಿಷಯ.

ಸಮಾಂಗೀಕರಣವನ್ನು ಪ್ರಯೋಗಶಾಲೆಯಿಂದ ಕಾರಖಾನೆಗೆ ಎಳೆದು ತಂದದ್ದು ಎರಡನೆಯ ಮಹಾಯುದ್ಧ. 1940ರಲ್ಲಿ ಬ್ರಿಟನ್ನಿನ ಯುದ್ಧವಿಮಾನಗಳು ನೂರು ಆಕ್ಟೇನಿನ ಪೆಟ್ರೋಲಿನಿಂದ ಹಾರುತ್ತಿದ್ದವು. ಅಂಥ ಪೆಟ್ರೋಲು ಮಾಡಲು ಐಸೊಬ್ಯುಟೇನ್ ಬೇಕು. ನೆಲದಿಂದ ಸಿಕ್ಕುವುದು ಸಾಲದು. ಆದುದರಿಂದ ನೀಳ ಬ್ಯುಟೇನನ್ನು ಕವಲಾಗಿಸುವ ಕಾರಖಾನೆಗಳು 1941ರಿಂದ ಎದ್ದವು. ಯುದ್ಧಕಾಲದಲ್ಲಿ ಉರುವಲಿನ ಖರ್ಚನ್ನು ಯಾರು ಕೇಳುತ್ತಾರೆ? ಯುದ್ಧ ಮುಗಿದ ಮೇಲೆ ಕೇಳಬೇಕಾಗಿತ್ತು. ಆಗಲೂ ಯಾರೂ ಕೇಳಲಿಲ್ಲ.

ಈ ವಿದ್ಯೆಯಲ್ಲಿ ಎರಡು ತೊಡಕುಗಳಿವೆ. ಎರಡೂ ಶಾಖಕ್ಕೆ ಸಂಬಂಧಿಸಿದವು. ಮೊದಲನೆಯದು, ಬಿಸಿ ಹೆಚ್ಚಿದಷ್ಟೂ ಕವಲಿನ ಪಾಲು ಕಡಿಮೆಯಾಗುತ್ತದೆ. ತಣ್ಣಗೆ ಇಟ್ಟರೆ ಕ್ರಿಯೆಯೇ ನಿಧಾನ. ಆದುದರಿಂದ ಕಡಿಮೆ ಬಿಸಿಯಲ್ಲೇ ಚುರುಕಾಗಿ ದುಡಿಯುವ ಕ್ರಿಯಾವರ್ಧಕ ಬೇಕಾಯಿತು. ಪ್ಲಾಟಿನಂ ಲೇಪಿಸಿದ ಕ್ಲೋರೈಡ್ ಅಲ್ಯುಮಿನಗಳು ಸುಮಾರು 120ರಿಂದ 180 ಡಿಗ್ರಿ ಸೆಂಟಿಗ್ರೇಡಿನಲ್ಲೇ ಈ ಕೆಲಸ ಮಾಡುತ್ತವೆ. 1958ರಲ್ಲಿ ಬಂದ ಪೆನೆಕ್ಸ್ ವಿಧಾನ ಪ್ಲಾಟಿನಂ ಕ್ರಿಯಾವರ್ಧಕಗಳ ಈ ದಾರಿಯದೇ.

ಎರಡನೆಯ ತೊಡಕು ಇನ್ನೂ ದೊಡ್ಡದು. ಎಷ್ಟೇ ಒಳ್ಳೆಯ ಕ್ರಿಯಾವರ್ಧಕವಾದರೂ ಒಂದೇ ಸಲಕ್ಕೆ ಎಲ್ಲವನ್ನೂ ಕವಲಾಗಿಸಲಾರದು. ಹಗುರವಾದ ನ್ಯಾಫ್ತಾ ಒಂದು ಸುತ್ತಿನಲ್ಲಿ ಎಪ್ಪತ್ತರ ಆಸುಪಾಸಿನಿಂದ ಎಂಬತ್ತಮೂರು ಎಂಬತ್ತನಾಲ್ಕು ಆಕ್ಟೇನಿಗೆ ಏರಿ ನಿಲ್ಲುತ್ತದೆ. ಉಳಿದ ನೀಳ ಸರಗಳನ್ನು ಆರಿಸಿ ತೆಗೆದು ಮತ್ತೆ ಕ್ರಿಯೆಗೆ ಹಾಕಿದರೆ ಇನ್ನೂ ನಾಲ್ಕಾರು ಅಂಕ ಸಿಕ್ಕುತ್ತವೆ. ಆದರೆ ಆರಿಸುವುದು ಹೇಗೆ? ನೀಳ ಹೆಕ್ಸೇನ್ ಸುಮಾರು 69 ಡಿಗ್ರಿಯಲ್ಲಿ ಕುದಿಯುತ್ತದೆ. ಅದರ ಅಣ್ಣತಮ್ಮಂದಿರು 63ರಲ್ಲಿ, 60ರಲ್ಲಿ, 58ರಲ್ಲಿ, 50ರಲ್ಲಿ. ಇಷ್ಟು ಹತ್ತಿರದವರನ್ನು ಕುದಿಸಿ ಬೇರ್ಪಡಿಸಬೇಕಾದರೆ ಗೋಪುರದಲ್ಲಿ ಹತ್ತಾರು ಅಂತಸ್ತು ಬೇಕು. ಮೇಲೆ ಬಂದ ಹಬೆಯನ್ನು ಇಳಿಸಿ ಅದರ ಬಹುಪಾಲನ್ನು ಮತ್ತೆ ಗೋಪುರಕ್ಕೇ ಸುರಿದು ಮತ್ತೆ ಮತ್ತೆ ಕುದಿಸಬೇಕು. ಕುದಿಯುವ ಅಂತರ ಕಡಿಮೆಯಾದಷ್ಟೂ ಈ ಮರುಕುದಿಯ ಖರ್ಚು ಏರುತ್ತದೆ. ಕವಲಾಗಿಸುವ ಕ್ರಿಯೆಯಾದರೋ ತಾನೇ ಸ್ವಲ್ಪ ಶಾಖವನ್ನು ಬಿಟ್ಟುಕೊಡುತ್ತದೆ. ಶಾಖವನ್ನು ನುಂಗುವುದು ಬೇರ್ಪಡಿಸುವಿಕೆ. ಮದುವೆಗಿಂತ ಪಾಲುಪಟ್ಟಿಗೇ ಹೆಚ್ಚು ಖರ್ಚಾದಂತೆ! ಅಮೆರಿಕದ ಇಬ್ಬರು ವಿದ್ವಾಂಸರಾದ ಶೋಲ್ ಮತ್ತು ಲೈವ್ಲಿ 2016ರಲ್ಲಿ ಬರೆದ ಪ್ರಕಾರ, ಆ ದೇಶದ ಕೈಗಾರಿಕೆಗಳು ಬಳಸುವ ಒಟ್ಟು ಶಕ್ತಿಯಲ್ಲಿ ಸುಮಾರು ಅರ್ಧ ಹೀಗೆ ಬೇರ್ಪಡಿಸುವ ಕೆಲಸಗಳಿಗೇ ಹೋಗುತ್ತದೆ.

ಕುದಿಸದೆಯೇ ಬೇರ್ಪಡಿಸಬಹುದೇ? ನಮ್ಮ ಮನೆಗಳಲ್ಲಿ ರವೆ ಹಿಟ್ಟುಗಳನ್ನು ಬೇರೆ ಮಾಡಲು ಯಾರೂ ಒಲೆ ಹಚ್ಚುವುದಿಲ್ಲ, ಒಂದರಿ ಹಿಡಿಯುತ್ತಾರೆ. ಅಣುಗಳಿಗೂ ಅಂಥ ಒಂದರಿ ದೊರೆಯಿತು. ಯೂನಿಯನ್ ಕಾರ್ಬೈಡ್ ಕಂಪೆನಿಯ ರಾಬರ್ಟ್ ಮಿಲ್ಟನ್ 1949ರಿಂದ ಜಿಯೊಲೈಟ್ ಎಂಬ ಖನಿಜಗಳನ್ನು ಕೃತಕವಾಗಿ ತಯಾರಿಸತೊಡಗಿದರು. 1954ರಲ್ಲಿ ಅವು ಮಾರಾಟಕ್ಕೆ ಬಂದವು. ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಭಾಗ ಮಾಡಿದರೆ ಅದರಲ್ಲಿ ಸುಮಾರು ಐದು ಭಾಗದಷ್ಟೇ ಅಗಲದ ರಂಧ್ರ. ನೀಳ ಸರ ಅದರೊಳಕ್ಕೆ ನುಸುಳುತ್ತದೆ, ಕವಲೊಡೆದುದು ಬಾಗಿಲಲ್ಲೇ ನಿಲ್ಲುತ್ತದೆ. ಒಳಹೊಕ್ಕುದನ್ನು ಮತ್ತೆ ಹೊರಡಿಸಲು ಸ್ವಲ್ಪ ಖರ್ಚಿದೆ, ನಿಜ. ಆದರೆ ಇಡೀ ರಾಶಿಯನ್ನು ಮತ್ತೆ ಮತ್ತೆ ಕುದಿಸುವ ಖರ್ಚಿಲ್ಲ.

ಒಂದು ಗೋಪುರದ ಕಥೆಯನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಒಂದು ಬೆರಕೆಯಿಂದ ಹಗುರ, ನಡು, ಭಾರ ಎಂಬ ಮೂರು ಪಾಲುಗಳನ್ನು ತೆಗೆಯಲು ವಾಡಿಕೆಯಂತೆ ಎರಡು ಗೋಪುರ ಬೇಕು. ಮೊದಲ ಗೋಪುರದಲ್ಲಿ ನಡುವಿನ ಪಾಲು ಒಂದು ಕಡೆ ಚೆನ್ನಾಗಿ ಒಟ್ಟುಗೂಡಿ, ಮುಂದೆ ಹೋಗುತ್ತ ಮತ್ತೆ ಭಾರದ ಪಾಲಿನೊಡನೆ ಕಲೆತುಹೋಗುತ್ತದೆ. ಕೂಡಿಸಿದ್ದನ್ನು ಕಲಸಿ ಪುನಃ ಬೇರ್ಪಡಿಸಲು ಶಾಖ ದಂಡ. ಒಂದೇ ಗೋಪುರದೊಳಗೆ ನಟ್ಟನಡುವೆ ಗೋಡೆಯೊಂದನ್ನು ಎಬ್ಬಿಸಿದರೆ ಈ ದಂಡ ತಪ್ಪುತ್ತದೆ. ಎರಡು ಗೋಪುರದ ಕೆಲಸ ಒಂದರಲ್ಲೇ ಮುಗಿದು ಸುಮಾರು ನೂರಕ್ಕೆ ಮೂವತ್ತರಷ್ಟು ಶಾಖ ಉಳಿಯುತ್ತದೆ. ಈ ಉಪಾಯಕ್ಕೆ ಅಮೆರಿಕದಲ್ಲಿ ರೈಟ್ ಎಂಬವರಿಗೆ 1949ರಲ್ಲೇ ಪೇಟೆಂಟ್ ದೊರೆತಿತ್ತು. 1965ರಲ್ಲಿ ಸೋವಿಯತ್ ಒಕ್ಕೂಟದ ಪೆಟ್ಲ್ಯುಕ್ ಮತ್ತು ಸಂಗಡಿಗರು ಇದರ ಶಾಸ್ತ್ರವನ್ನು ವಿವರಿಸಿದರು. ಆದರೆ ಇಂಥ ಗೋಪುರ ಕಾರಖಾನೆಯಲ್ಲಿ ನಿಂತದ್ದು ಯಾವಾಗ? 1985ರಲ್ಲಿ, ಜರ್ಮನಿಯ ಲುಡ್ವಿಗ್ಸ್‌ಹಾಫೆನ್ನಿನಲ್ಲಿ, ಬಿಎಎಸ್‌ಎಫ್ ಕಂಪೆನಿಯಿಂದ. ಮೂವತ್ತಾರು ವರ್ಷ ಆ ಕಾಗದ ಕಪಾಟಿನಲ್ಲಿ ಮಲಗಿತ್ತು!

ಏಕೆ ಮಲಗಿತ್ತು? ಅದನ್ನು ನಡೆಸುವ ಹಿಡಿತ ಕಷ್ಟವೆಂಬ ಅಂಜಿಕೆ ಇದ್ದುದು ನಿಜ. ಆದರೆ ದೊಡ್ಡ ಕಾರಣ ಬೇರೆ. ಆ ಕಾಲದಲ್ಲಿ ಒಂದು ಪೀಪಾಯಿ ಕಚ್ಚಾ ಎಣ್ಣೆಗೆ ಎರಡು ಡಾಲರಿನ ಆಸುಪಾಸಿನ ಬೆಲೆ. ಸೌದೆ ಬಿಟ್ಟಿಯಾಗಿ ಬಿದ್ದಿರುವ ಊರಿನಲ್ಲಿ ಕೋಡೊಲೆ ಹೂಡುವವರಾರು? 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಎಣ್ಣೆಯನ್ನು ಬಿಗಿಹಿಡಿದವು. ಸುಮಾರು ಮೂರು ಡಾಲರಿದ್ದ ಬೆಲೆ ಕೆಲವೇ ತಿಂಗಳಲ್ಲಿ ಹನ್ನೊಂದು ಡಾಲರು ದಾಟಿತು. ಆಗ ಎಲ್ಲರಿಗೂ ಲೆಕ್ಕದ ಪುಸ್ತಕ ನೆನಪಾಯಿತು.

ಆ ಪುಸ್ತಕವನ್ನು ಸರಿಯಾಗಿ ಬರೆಯಲು ಕಲಿಸಿದವರು ಬೋಡೋ ಲಿನ್‌ಹಾಫ್. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾನಿಲಯದಲ್ಲಿ 1970ರ ದಶಕದ ಕೊನೆಯಲ್ಲಿ ಸಂಶೋಧನೆ ನಡೆಸಿ, ಅನಂತರ ಐಸಿಐ ಕಂಪೆನಿಯಲ್ಲಿ ಅದನ್ನು ಆಚರಣೆಗೆ ತಂದರು. ಅವರ ವಿಧಾನವನ್ನು ನಮ್ಮ ಭಾಷೆಯಲ್ಲಿ ಹೀಗೆ ಹೇಳಬಹುದು. ಕಾರಖಾನೆಯಲ್ಲಿ ತಣಿಯಬೇಕಾದ ಪ್ರವಾಹಗಳೆಲ್ಲ ಶಾಖ ಕೊಡುವವರು, ಕಾಯಬೇಕಾದವೆಲ್ಲ ತೆಗೆದುಕೊಳ್ಳುವವರು. ಇವರಿಬ್ಬರ ಮೊತ್ತವನ್ನೂ ಉಷ್ಣತೆಯ ಮೆಟ್ಟಲುಗಳ ಮೇಲೆ ಕ್ರಮವಾಗಿ ಬರೆಯಿರಿ. ಶಾಖ ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತದೆಂಬುದನ್ನು ಮರೆಯಬೇಡಿ. ಎರಡು ಮೊತ್ತಗಳೂ ಒಂದು ಕಡೆ ಬಹಳ ಹತ್ತಿರ ಬರುತ್ತವೆ. ಅದೇ ಪಿಂಚ್, ಎಂದರೆ ಇಕ್ಕಟ್ಟಿನ ತಾಣ. ಅದರ ಮೇಲೆ ಕಾರಖಾನೆ ಶಾಖದ ಬಡವ. ಕೆಳಗೆ ಶಾಖದ ಸಾಹುಕಾರ. ಮೇಲೆ ತಣ್ಣೀರು ಸುರಿಯಬೇಡಿ, ಕೆಳಗೆ ಇಂಧನ ಉರಿಸಬೇಡಿ, ಇಕ್ಕಟ್ಟನ್ನು ದಾಟಿಸಿ ಶಾಖವನ್ನು ಇಳಿಸಬೇಡಿ. ಇಳಿಸಿದರೆ ಒಂದು ರೂಪಾಯಿಯ ತಪ್ಪು ಎರಡು ಕಡೆ ಬೀಳುತ್ತದೆ. ಮೇಲೆ ಅಷ್ಟು ಇಂಧನ ಹೆಚ್ಚು, ಕೆಳಗೆ ಅಷ್ಟೇ ತಣ್ಣೀರು ಹೆಚ್ಚು. ವಾಣಿಜ್ಯ ಶಾಸ್ತ್ರ ಓದಿದ ನಮಗೆ ಇದನ್ನು ಕಂಡಾಗ ಹಳೆಯ ಗೆಳೆಯನನ್ನು ಕಂಡಂತಾಯಿತು. ಇದು ಜೋಡಿ ನಮೂದಿನ ಪದ್ಧತಿಯೇ ಅಲ್ಲವೆ?

ಇನ್ನೊಂದು ಜಾಣತನವೂ ಉಂಟು. ಬ್ಯುಟೇನಿನ ಇಬ್ಬರು ಸೋದರರು ಕುದಿಯುವ ಮಟ್ಟಗಳಲ್ಲಿ ಹನ್ನೊಂದೇ ಡಿಗ್ರಿಯ ಅಂತರ. ಆದುದರಿಂದಲೇ ಅವರನ್ನು ಬೇರ್ಪಡಿಸುವ ಖರ್ಚು ಹೆಚ್ಚು. ಆದರೆ ಅದೇ ಕಾರಣದಿಂದ ಗೋಪುರದ ತಲೆಗೂ ಬುಡಕ್ಕೂ ಉಷ್ಣತೆಯ ವ್ಯತ್ಯಾಸ ಅಲ್ಪ. ಮೇಲಿನ ಹಬೆಯನ್ನು ಯಂತ್ರದಿಂದ ಸ್ವಲ್ಪ ಒತ್ತಿದರೆ ಅದರ ಬಿಸಿ ಏರಿ, ಬುಡದಲ್ಲಿನ ದ್ರವವನ್ನು ಕುದಿಸಲು ಅದೇ ಸಾಕಾಗುತ್ತದೆ. ರೋಗಕ್ಕೆ ಕಾರಣವಾದುದೇ ಮದ್ದೂ ಆಯಿತು.

ನಮ್ಮ ನಾಡಿಗೂ ಈ ವಿದ್ಯೆಗೂ ನೇರವಾದ ನಂಟು ಮಂಗಳೂರಿನಲ್ಲಿದೆ. ಅಲ್ಲಿಯ ಎಂಆರ್‌ಪಿಎಲ್ ಶುದ್ಧೀಕರಣಾಗಾರ 1996ರಲ್ಲಿ ಕೆಲಸ ಮೊದಲು ಮಾಡಿತು. ಅದರ ನೆರೆಯಲ್ಲಿ ವರ್ಷಕ್ಕೆ ಸುಮಾರು ಒಂಬತ್ತು ಲಕ್ಷ ಟನ್ ಪ್ಯಾರಾಕ್ಸೈಲೀನ್ ತಯಾರಿಸುವ ಕಾರಖಾನೆ 2014ರಲ್ಲಿ ಆರಂಭವಾಗಿ 2022ರಲ್ಲಿ ಎಂಆರ್‌ಪಿಎಲ್ ಜೊತೆ ವಿಲೀನವಾಯಿತು. ಪ್ಯಾರಾಕ್ಸೈಲೀನ್ ಎಂದರೆ ನಾವು ತೊಡುವ ಪಾಲಿಯೆಸ್ಟರ್ ಬಟ್ಟೆಯ ತವರು. ಇದೂ ಸಮಾಂಗಿಗಳ ಮನೆತನವೇ. ಪ್ಯಾರಾ 138 ಡಿಗ್ರಿಯಲ್ಲಿ ಕುದಿದರೆ ಮೆಟಾ 139ರಲ್ಲಿ. ಕುದಿಸಿ ಬೇರ್ಪಡಿಸುವ ಮಾತೇ ಇಲ್ಲ. ಹಿಂದೆ ಹೆಪ್ಪುಗಟ್ಟಿಸಿ ತೆಗೆಯುತ್ತಿದ್ದರು, ಏಕೆಂದರೆ ಪ್ಯಾರಾ 13 ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ. 1971ರಿಂದ ಜಿಯೊಲೈಟಿನಿಂದ ಆರಿಸುವ ಪ್ಯಾರೆಕ್ಸ್ ವಿಧಾನ ಬಂದಿತು. ಉಳಿದ ಮೆಟಾವನ್ನು ಸಮಾಂಗೀಕರಣದಿಂದ ಪ್ಯಾರಾ ಆಗಿಸಿ ಮತ್ತೆ ಸುತ್ತಿಗೆ ಸೇರಿಸುತ್ತಾರೆ. ಇಂಥ ಕಾರಖಾನೆಗಳಲ್ಲಿ ಕ್ಸೈಲೀನ್ ಗೋಪುರವನ್ನು ಹೆಚ್ಚು ಒತ್ತಡದಲ್ಲಿ ನಡೆಸಿ, ಅದರ ತಲೆಯ ಹಬೆಯಿಂದ ನೆರೆಯ ಗೋಪುರಗಳ ಬುಡವನ್ನು ಕುದಿಸುವ ವಾಡಿಕೆಯಿದೆ. ಅದೇ ನಮ್ಮ ಕೋಡೊಲೆ!

ಸೀಸದ ಖಾತೆಯೂ ಕೊನೆಗೆ ಮುಚ್ಚಿತು. ನಮ್ಮ ದೇಶದಲ್ಲಿ 2000ದಿಂದ ಸೀಸವಿಲ್ಲದ ಪೆಟ್ರೋಲು. ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯ 2021ರಲ್ಲಿ ಅದನ್ನು ಬಿಟ್ಟಿತು. 2020ರ ಏಪ್ರಿಲಿನಿಂದ ಬಂದ ಭಾರತ್ ಸ್ಟೇಜ್ ಆರರ ನಿಯಮದಂತೆ ಪೆಟ್ರೋಲಿನಲ್ಲಿ ಬೆಂಜೀನ್ ನೂರಕ್ಕೆ ಒಂದನ್ನು ಮೀರುವಂತಿಲ್ಲ. ಸೀಸವಿಲ್ಲದೆ, ಬೆಂಜೀನಿಲ್ಲದೆ ಆಕ್ಟೇನ್ ಬೇಕಾದರೆ ಸಮಾಂಗೀಕರಣದ ಕಡೆಗೇ ತಿರುಗಬೇಕು. ಬೀದಿಯ ಮಕ್ಕಳ ಖಾತೆಗೆ ಬರೆಯುತ್ತಿದ್ದ ಖರ್ಚು ಈಗ ಗೋಪುರದ ಬುಡದ ಇಂಧನವಾಗಿ ಕಾರಖಾನೆಯ ಖಾತೆಗೆ ಬಂದಿದೆ. ಇದು ನ್ಯಾಯವೇ. ಆದರೆ ಆ ಇಂಧನವನ್ನು ಉಳಿಸದಿದ್ದರೆ ಅದರ ಹೊಗೆ ಮತ್ತೆ ಅದೇ ಮಕ್ಕಳ ಆಕಾಶಕ್ಕೆ ಏರುತ್ತದೆ. ಶಾಖದ ಮಿತವ್ಯಯವನ್ನು ಬರಿಯ ಲಾಭದ ಮಾತೆಂದು ನಾವು ತಿಳಿಯಬಾರದು.

ಕೋಡೊಲೆಯಿಂದ ಹೊರಟೆವು, ಒಲೆಗೇ ಬಂದು ಮುಗಿಸುತ್ತೇವೆ. ಎಣ್ಣೆಯ ಬೆಲೆ ಏರಿದ ಆ ದಶಕದಲ್ಲೇ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಹುಟ್ಟಿತು. ಅಲ್ಲಿಯ ವಿಜ್ಞಾನಿಗಳು ಹಳ್ಳಿಯ ಒಲೆಯ ಮುಂದೆ ಕುಳಿತು ಅಳೆದು ಸುರಿದು, ಒಂದೇ ಉರಿಯಲ್ಲಿ ಮೂರು ಪಾತ್ರೆ ಕಾಯುವ, ಹೊಗೆ ಕೊಳವೆಯಲ್ಲಿ ಹೊರಹೋಗುವ ಒಲೆಯನ್ನು ರೂಪಿಸಿದರು. ಕನ್ನಡನಾಡಿನ ಹಳ್ಳಿಗಳಲ್ಲಿ ಅದು ಅಸ್ತ್ರ ಒಲೆಯೆಂದೇ ಹೆಸರಾಯಿತು. ಲೀಡ್ಸಿನಲ್ಲಿ ಲಿನ್‌ಹಾಫ್, ಬೆಂಗಳೂರಿನಲ್ಲಿ ಅಸ್ತ್ರ. ಒಬ್ಬರು ಗೋಪುರಕ್ಕೆ, ಇನ್ನೊಬ್ಬರು ಗುಡಿಸಲಿಗೆ. ಕೇಳಿದ ಪ್ರಶ್ನೆ ಒಂದೇ: ಈ ಉರಿ ಹೋಗುವ ದಾರಿಯಲ್ಲಿ ಇನ್ನೊಂದು ಕೆಲಸ ಮಾಡಿಕೊಂಡು ಹೋಗಬಾರದೇಕೆ?

ಬೆಲೆ ಏರಿದಾಗ ಈ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಬೆಲೆ ಇಳಿದಾಗಲೂ ಕೇಳುವವರೇ ನಿಜವಾದ ಲೆಕ್ಕಿಗರು. ಇನ್ನೊಂದು ಪೇಟೆಂಟು ಇನ್ನೊಂದು ಕಪಾಟಿನಲ್ಲಿ ಮೂವತ್ತಾರು ವರ್ಷ ಮಲಗದಿರಲೆಂದು ಹಾರೈಸಿ, ವಾಚಕರಿಂದ ಬೀಳ್ಕೊಳ್ಳುತ್ತೇವೆ.